ಕಾನೂನು ಒಪ್ಪಿದೆ, ಆದರೂ ಕದ್ದು ಮಾತ್ರೆ ನುಂಗುವುದು ಯಾಕೆ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನವಳು, ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಪಕ್ಕದ ಕಾಫಿ ತೋಟದ ಲೈನ್ ಮನೆಯಲ್ಲಿರುವ ಹೆಂಗಸೊಬ್ಬರಿಗೆ ಆಗಲೇ ಇಬ್ಬರು ಮಕ್ಕಳು. ಮುಟ್ಟು ನಿಂತಾಗ ಯಾರಿಗೂ ಹೇಳದೆ ಮೆಡಿಕಲ್ ಶಾಪಿನಿಂದ ಗರ್ಭಪಾತದ ಮಾತ್ರೆಯ ಕಿಟ್ ತರಿಸಿಕೊಂಡು ನುಂಗಿದ್ದಾರೆ. ಹನ್ನೆರಡು ದಿನ ಆದರೂ ರಕ್ತ ನಿಲ್ಲಲಿಲ್ಲ. ನಾನೇ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಮೊದಲು ಕೇಳಿದ್ದು ‘ಗಂಡ ಎಲ್ಲಿ?’, ಆಮೇಲೆ ಬೈದರು, ಕೊನೆಗೆ ಡ್ರಿಪ್ ಹಾಕಿ ಕಳಿಸಿದರು. ಗರ್ಭಪಾತ ನಮ್ಮ ದೇಶದಲ್ಲಿ ತಪ್ಪಲ್ಲ ಅಂತ ಓದಿದ್ದೇನೆ. ಹಾಗಿದ್ದರೆ ಹೆಂಗಸರು ಕದ್ದು ಮಾತ್ರೆ ನುಂಗುವುದು ಯಾಕೆ? ಇದನ್ನು ತಡೆಯೋಕೆ ಡಾಕ್ಟರುಗಳಿಗೆ ಏನು ಕಷ್ಟ? ಇವರ ಮೇಲೆ ಕೇಸ್ ಏನಾದರೂ ಆಗುತ್ತದಾ?

ಉತ್ತರ: ಮೊದಲು ನಿಮ್ಮ ಪಕ್ಕದವರ ವಿಷಯ. ಮಾತ್ರೆ ತೆಗೆದುಕೊಂಡ ಮೇಲೆ ಎರಡು ವಾರ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿಕೊಳ್ಳುವುದು ಸಹಜ. ಆದರೆ ಅವರಿಗೆ ಎಷ್ಟು ಹೋಗುತ್ತಿದೆ ಅನ್ನುವುದು ಮುಖ್ಯ. ಗಂಟೆಗೆ ಎರಡು ದಪ್ಪ ಪ್ಯಾಡ್ ಪೂರ್ತಿ ನೆನೆದು, ಎರಡು ಗಂಟೆ ಹಾಗೇ ಮುಂದುವರಿದರೆ ಕಾಯಬಾರದು. ಜ್ವರ, ವಾಸನೆ ಬರುವ ಬಿಳುಪು, ತಲೆ ಸುತ್ತಿ ಬೀಳುವುದು, ಇವುಗಳಲ್ಲಿ ಒಂದು ಇದ್ದರೂ ಅಷ್ಟೇ, 108ಕ್ಕೆ ಫೋನ್ ಮಾಡಿ. ಇದ್ಯಾವುದೂ ಇಲ್ಲದಿದ್ದರೂ ಒಂದು ಸ್ಕ್ಯಾನ್ ಆಗಲೇಬೇಕು, ಒಳಗೆ ಚೂರು ಉಳಿದಿದೆಯಾ ನೋಡೋಕೆ. ಹಿಮೋಗ್ಲೋಬಿನ್ ಕೂಡ ನೋಡಿಸಿ. ತೋಟದ ಕೆಲಸದ ಹೆಂಗಸರಲ್ಲಿ ಎಷ್ಟೋ ಜನರಿಗೆ ಮೊದಲೇ ರಕ್ತ ಕಡಿಮೆ. ಹನ್ನೆರಡು ದಿನ ಹೋದ ಮೇಲೆ ಏನು ಉಳಿದಿರುತ್ತದೆ ಹೇಳಿ. ಡ್ರಿಪ್ ಹಾಕಿದರೆ ನೀರು ತುಂಬುತ್ತದೆ, ರಕ್ತ ತುಂಬುವುದಿಲ್ಲ.

ಈಗ ದೊಡ್ಡ ಪ್ರಶ್ನೆಗೆ ಬರೋಣ.

ನೀವು ಓದಿದ್ದು ಸರಿ. ಗರ್ಭಪಾತಕ್ಕೆ ಅವಕಾಶ ಕೊಡುವ ಎಂಟಿಪಿ ಕಾಯ್ದೆ 1971ರಲ್ಲಿ ಬಂತು, 1972ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು ಬಂದ ಕಾರಣವೂ ನೀವು ನೋಡಿದಂಥದ್ದೇ. ಸೂಲಗಿತ್ತಿಯರ, ನಕಲಿ ಡಾಕ್ಟರುಗಳ ಕೈಗೆ ಸಿಕ್ಕಿ ಹೆಂಗಸರು ಸಾಯುತ್ತಿದ್ದಾರೆ ಅಂತ ಸರ್ಕಾರ 1964ರಲ್ಲಿ ಶಾಂತಿಲಾಲ್ ಶಾ ಅವರ ಸಮಿತಿ ಮಾಡಿತು. 1966ರಲ್ಲಿ ವರದಿ ಬಂತು, ಐದು ವರ್ಷದ ಮೇಲೆ ಕಾಯ್ದೆ ಆಯಿತು. ಅಂದರೆ ಜೀವ ಉಳಿಸೋಕೆ ಅಂತಲೇ ಮಾಡಿದ ಕಾನೂನು ಇದು. 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, 18 ತುಂಬದವರು, ಬಸುರಿ ಇದ್ದಾಗಲೇ ಗಂಡ ಸತ್ತವರು ಅಥವಾ ವಿಚ್ಛೇದನ ಆದವರು, ಹೀಗೆ ಕೆಲವರಿಗೆ ಇಬ್ಬರು ಡಾಕ್ಟರುಗಳ ಅಭಿಪ್ರಾಯದ ಮೇಲೆ 24 ವಾರದವರೆಗೆ ಅವಕಾಶ ಇದೆ. ಮೊದಲು ‘ವಿವಾಹಿತ ಮಹಿಳೆ ಅಥವಾ ಅವಳ ಗಂಡ’ ಅಂತ ಬರೆದಿದ್ದ ಕಡೆ ಈಗ ‘ಮಹಿಳೆ ಅಥವಾ ಅವಳ ಸಂಗಾತಿ’ ಅಂತಿದೆ.

ಆದರೆ ಈ ಕಾಯ್ದೆಯಲ್ಲಿ ಒಂದು ವಿಷಯ ಹೆಚ್ಚು ಜನರ ಗಮನಕ್ಕೆ ಬರುವುದಿಲ್ಲ. ಇದು ಹೆಂಗಸಿಗೆ ‘ನಿನಗೆ ಹಕ್ಕಿದೆ’ ಅಂತ ಹೇಳುವುದಿಲ್ಲ. ಡಾಕ್ಟರಿಗೆ ‘ಇಂಥ ಕಾರಣ ಇದ್ದರೆ, ಇಂಥ ಜಾಗದಲ್ಲಿ ಮಾಡಿದರೆ ನಿನಗೆ ಶಿಕ್ಷೆ ಇಲ್ಲ’ ಅಂತ ಹೇಳುತ್ತದೆ. ಗರ್ಭಪಾತ ಮಾಡಿಸುವುದು ಐಪಿಸಿ 312ರಲ್ಲಿ ಅಪರಾಧವಾಗಿತ್ತು. 2024ರ ಜುಲೈನಿಂದ ಅದೇ ಮಾತು ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲಿದೆ. ಸ್ವತಃ ಮಾಡಿಕೊಂಡ ಹೆಂಗಸನ್ನೂ ಅದು ಬಿಟ್ಟಿಲ್ಲ. ಆ ಕಲಮಿನಿಂದ ನಮ್ಮಂಥ ಡಾಕ್ಟರುಗಳಿಗೆ ಕೊಟ್ಟ ವಿನಾಯಿತಿಯೇ ಎಂಟಿಪಿ ಕಾಯ್ದೆ. ಹಾಗಾಗಿ ಪ್ರತಿ ಕೇಸಿನಲ್ಲೂ ಡಾಕ್ಟರ ತಲೆಯಲ್ಲಿ ಮೊದಲು ಓಡುವುದು ‘ನಾನು ಸಿಕ್ಕಿಹಾಕಿಕೊಳ್ಳುತ್ತೇನಾ?’ ಅನ್ನುವ ಯೋಚನೆ. ಎದುರಿಗೆ ಕೂತವರಿಗೆ ಏನಾಗುತ್ತಿದೆ ಅನ್ನುವುದು ಎರಡನೆಯದಾಗಿಬಿಡುತ್ತದೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಆಗಷ್ಟೇ ಓದು ಮುಗಿಸಿ ಮಲೆನಾಡಿನ ಒಂದು ಆಸ್ಪತ್ರೆಯಲ್ಲಿದ್ದೆ. ಜನವರಿ, ಕಾಫಿ ಕುಯ್ಲಿನ ಕಾಲ. ಸಂಜೆ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಬಂದಳು. ಬೆರಳ ಸಂದಿಯಲ್ಲಿ ಕಾಫಿ ಹಣ್ಣಿನ ಅಂಟು ಕಪ್ಪಗೆ ಹಿಡಿದುಕೊಂಡಿತ್ತು. ‘ಮೂರು ತಿಂಗ್ಳು ತುಂಬಿಲ್ಲ ಡಾಕ್ಟ್ರೇ, ಏನಾದ್ರೂ ಮಾಡಿ’ ಅಂದಳು. ಹೊಟ್ಟೆ ಮುಟ್ಟಿ ನೋಡುವ ಮೊದಲೇ ನಾನು, ‘ಗಂಡನ್ನ ಕರ್ಕೊಂಡು ಬಾ, ಸಹಿ ಬೇಕು’ ಅಂದೆ. ಅಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು, ನಾನೂ ಅಂದೆ. ‘ಕರ್ಕೊಂಡ್ ಬರ್ತೀನಿ’ ಅಂತ ಎದ್ದು ಹೋದಳು. ಐದನೇ ದಿನ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದರು. ಮೈ ಕಾದ ಹೆಂಚು. ಬಿಪಿ ಸಿಗುತ್ತಿರಲಿಲ್ಲ. ಗರ್ಭ ತೆಗೆಯೋಕೆ ಅಂತ ಯಾರೋ ಒಳಗೆ ಕಡ್ಡಿ ಹಾಕಿದ್ದರು. ಹುಡುಗಿ ಬದುಕಿದಳು, ಗರ್ಭಕೋಶ ಉಳಿಯಲಿಲ್ಲ. ಅವಳು ಕರೆದುಕೊಂಡು ಬರುತ್ತೇನೆ ಅಂದ ಗಂಡ ಬಿಟ್ಟುಹೋಗಿ ಎರಡು ತಿಂಗಳಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಆ ಐದು ದಿನದಲ್ಲಿ ಕಡ್ಡಿ ಹಾಕಿದವರ ಪಾಲೆಷ್ಟು, ನನ್ನ ಪಾಲೆಷ್ಟು ಅಂತ ಈಗಲೂ ಲೆಕ್ಕ ಹಾಕುತ್ತೇನೆ.

ಗಂಡನ ಸಹಿ ಕಾನೂನಿನಲ್ಲಿ ಎಲ್ಲೂ ಇಲ್ಲ. 18 ತುಂಬಿದ ಹೆಂಗಸಾದರೆ ಅವರೊಬ್ಬರ ಒಪ್ಪಿಗೆ ಸಾಕು. ಅದಕ್ಕೆ ‘ಫಾರ್ಮ್ ಸಿ’ ಅಂತ ಒಂದೇ ಹಾಳೆ ಇದೆ. 18 ಆಗದವರಿಗೆ, ಮಾನಸಿಕ ಕಾಯಿಲೆ ಇರುವವರಿಗೆ ಮಾತ್ರ ಪೋಷಕರ ಸಹಿ ಬೇಕು. ಇದು ನಮ್ಮವರಿಗೆ ಗೊತ್ತಿಲ್ಲ ಅಂತಲ್ಲ. ನಾಳೆ ಗಂಡನ ಕಡೆಯವರು ಹತ್ತು ಜನ ಬಂದು ‘ಯಾರನ್ನ ಕೇಳಿ ತೆಗೆದ್ರಿ?’ ಅಂತ ಗಲಾಟೆ ಮಾಡಿದರೆ ಅಂತ ಭಯ. ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು. ಗಲಾಟೆ ಆದಾಗ ನಮ್ಮ ಪರ ನಿಲ್ಲುವವರು ಕಡಿಮೆ. ಇದು ನಿಜವಾದ ಭಯವೇ. ಆದರೆ ಅದನ್ನು ಕಮ್ಮಿ ಮಾಡಿಕೊಳ್ಳೋಕೆ ನಾವು ಹಾಕುವ ಒಂದೊಂದು ಷರತ್ತೂ ಹೆಂಗಸಿಗೆ ಒಂದೊಂದು ವಾರ ತಡ ಮಾಡುತ್ತದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಇದೇ ಮಾತಿದೆ: ಕಾನೂನು ಕೇಳದ ದಾಖಲೆ, ಮನೆಯವರ ಒಪ್ಪಿಗೆ, ಕೋರ್ಟಿನ ಆದೇಶ ಇವನ್ನೆಲ್ಲ ಡಾಕ್ಟರುಗಳು ಕೇಳಬಾರದು. ಅವಿವಾಹಿತರಿಗೂ 24 ವಾರದ ಅವಕಾಶ ಸಿಗಬೇಕು ಅಂದಿದ್ದೂ ಅದೇ ತೀರ್ಪು.

ತಡ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕಿ 9 ವಾರದ ಒಳಗೆ ಬಂದರೆ ಡಾಕ್ಟರ ಚೀಟಿಯ ಮೇಲೆ ಮಾತ್ರೆಯಲ್ಲೇ ಮುಗಿಯುತ್ತದೆ. 100 ಜನರಲ್ಲಿ 95ಕ್ಕೂ ಹೆಚ್ಚು ಜನರಿಗೆ ಬೇರೇನೂ ಬೇಕಾಗುವುದಿಲ್ಲ. ಸರಿಯಾಗಿ ಮಾಡಿದರೆ ಹೆರಿಗೆಗಿಂತ ಅಪಾಯ ಕಡಿಮೆ. 12 ವಾರದವರೆಗೆ ಸಿರಿಂಜಿನಿಂದ ಎಳೆದು ತೆಗೆಯುವ ವಿಧಾನ ಇದೆ, ಹತ್ತು ನಿಮಿಷದ ಕೆಲಸ. ಅದು ದಾಟಿದ ಮೇಲೆ ಅಡ್ಮಿಟ್ ಆಗಬೇಕು, ನೋವು ಜಾಸ್ತಿ, ರಕ್ತ ಜಾಸ್ತಿ, ಮನೆಯಲ್ಲಿ ಹೇಳಬೇಕಾದ ಸುಳ್ಳೂ ಜಾಸ್ತಿ. ಮುಟ್ಟು ನಿಂತು ಒಂದು ವಾರ ಕಾಯುತ್ತಾರೆ. ಎರಡು ವಾರ ಪಪ್ಪಾಯಿ, ಎಳ್ಳುಂಡೆ ಅಂತ ಕಳೆಯುತ್ತಾರೆ. ಅದರಿಂದ ಆಗುವುದೇನೂ ಇಲ್ಲ, ದಿನ ಹೋಗುತ್ತದೆ. ಸಂಬಳ ಬರಲಿ ಅಂತ ಇನ್ನೊಂದು ವಾರ. ಕೊನೆಗೆ ಧೈರ್ಯ ಮಾಡಿ ಬಂದರೆ ನಾವು ‘ಗಂಡ ಎಲ್ಲಿ, ಆಧಾರ್ ಎಲ್ಲಿ, ನಾಳೆ ಬನ್ನಿ, ಮೇಡಂ ರಜೆ’ ಅಂತ ಕಳಿಸುತ್ತೇವೆ. ಬಸ್ ಸ್ಟ್ಯಾಂಡಿನ ಎದುರಿನ ಮೆಡಿಕಲ್ ಶಾಪಿನವನು ಏನೂ ಕೇಳುವುದಿಲ್ಲ. ದುಡ್ಡು ಕೊಟ್ಟರೆ ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ನೀವಾಗಿದ್ದರೆ ಎಲ್ಲಿಗೆ ಹೋಗುತ್ತಿದ್ದಿರಿ?

ಇದು ನಮ್ಮ ಜಿಲ್ಲೆಯ ಕಥೆ ಮಾತ್ರ ಅಲ್ಲ. 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತ ಆಗಿದೆ ಅಂತ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿತ್ತು. ಅದರಲ್ಲಿ 100ಕ್ಕೆ 73 ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ ಆದವು. ಕಡ್ಡಿ, ಬೇರು, ಕಷಾಯ ಇತ್ಯಾದಿ ಬರೀ 5.

ಒಂದು ಮಾತು ಹೇಳಿಬಿಡುತ್ತೇನೆ, ನಮ್ಮವರೇ ಕೆಲವರು ಒಪ್ಪುವುದಿಲ್ಲ. ಕಡ್ಡಿ ಹೋಗಿ ಮಾತ್ರೆಯ ಸ್ಟ್ರಿಪ್ ಬಂದದ್ದು ಒಳ್ಳೆಯದೇ ಆಯಿತು. ಎಕ್ಕದ ಕಡ್ಡಿ ಹಾಕಿಸಿಕೊಂಡು ಧನುರ್ವಾಯು ಆಗಿ ಬಂದವರನ್ನು ಹಿಂದಿನ ತಲೆಮಾರಿನ ಡಾಕ್ಟರುಗಳು ಎಷ್ಟೋ ನೋಡಿದ್ದಾರೆ, ಈಗ ಅದು ಅಪರೂಪ. ಮಾತ್ರೆ ಕೆಟ್ಟದ್ದಲ್ಲ. ಹೆರಿಗೆ ಆದ ಮೇಲೆ ರಕ್ತ ನಿಲ್ಲಿಸೋಕೆ ನಾವು ವಾರ್ಡಿನಲ್ಲಿ ದಿನಾ ಬಳಸುವ ಮಿಸೊಪ್ರೊಸ್ಟಾಲ್ ಕಿಟ್‌ನಲ್ಲೂ ಇರುವುದು. ಒಂದು ಮಿಫೆಪ್ರಿಸ್ಟೋನ್, ನಾಲ್ಕು ಮಿಸೊಪ್ರೊಸ್ಟಾಲ್, ಅಷ್ಟೇ ಕಿಟ್. ತೊಂದರೆ ಇರುವುದು ಅದು ಕೈಗೆ ಸಿಗುವ ರೀತಿಯಲ್ಲಿ. ಚೀಟಿ ಇಲ್ಲ, ಬಿಲ್ ಇಲ್ಲ. ಒಳಗಿನ ಕಾಗದ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ. ಕೆಲವರು ಸ್ಟ್ರಿಪ್ ಕತ್ತರಿಸಿ ಎರಡೇ ಮಾತ್ರೆ ಮಾರುತ್ತಾರೆ. ಎಷ್ಟು ವಾರ ಅಂತ ಕೇಳುವವರಿಲ್ಲ. ಸಂಬಂಧ ಆದ 72 ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಮಾತ್ರೆಗೂ ಈ ಕಿಟ್‌ಗೂ ವ್ಯತ್ಯಾಸ ಗೊತ್ತಿಲ್ಲದೆ, ಎರಡು ತಿಂಗಳ ಬಸುರಿಗೆ ತುರ್ತು ಮಾತ್ರೆ ನುಂಗಿ ‘ಯಾಕೋ ಆಗ್ಲಿಲ್ಲ ಮೇಡಂ’ ಅಂತ ಬಂದವರನ್ನೂ ನೋಡಿದ್ದೇನೆ. ಪಾಪ, ತಪ್ಪು ಅವರದ್ದಾ?

ನನಗೆ ನಿಜವಾಗಿ ಭಯ ಹುಟ್ಟಿಸುವುದು ಗರ್ಭಕೋಶಕ್ಕೆ ಬರದೆ ಅದರ ಪಕ್ಕದ ಟ್ಯೂಬಿನಲ್ಲೇ ನಿಂತ ಗರ್ಭ. 100 ಬಸುರಿನಲ್ಲಿ ಒಂದೋ ಎರಡೋ ಹಾಗಾಗುತ್ತವೆ. ಕಿಟ್ ನುಂಗಿದರೆ ರಕ್ತ ಸ್ವಲ್ಪ ಹೋಗುತ್ತದೆ, ‘ಆಯ್ತು’ ಅಂದುಕೊಳ್ಳುತ್ತಾರೆ. ಒಳಗೆ ಟ್ಯೂಬ್ ಹಿಗ್ಗುತ್ತಲೇ ಇರುತ್ತದೆ. ಒಂದು ದಿನ ಹೊಟ್ಟೆಯ ಒಂದು ಪಕ್ಕ ಜೋರು ನೋವು, ಭುಜದ ಹತ್ತಿರ ನೋವು, ಕಣ್ಣು ಕತ್ತಲೆ. ಆಗ ಕಳಸದಲ್ಲೋ ಶೃಂಗೇರಿಯ ಆ ಕಡೆಯೋ ಇದ್ದರೆ ಚಿಕ್ಕಮಗಳೂರು ಮುಟ್ಟೋಕೆ ಘಾಟಿ ರಸ್ತೆಯಲ್ಲಿ ಗಂಟೆಗಟ್ಟಲೆ. ಮಳೆಗಾಲದಲ್ಲಿ ಗುಡ್ಡ ಜರಿದರೆ ಅದೂ ಇಲ್ಲ. ತಾಲ್ಲೂಕಿನಲ್ಲಿ ಆಪರೇಷನ್ ಮಾಡುವ ಡಾಕ್ಟರ್ ಇದ್ದರೂ ಬೇಕಾದ ರಕ್ತ ಇರಬೇಕು, ಅರಿವಳಿಕೆ ಕೊಡುವವರು ಇರಬೇಕು. ಮೂರೂ ಒಂದೇ ರಾತ್ರಿ ಒಂದೇ ಕಡೆ ಸಿಗುವುದು ಎಷ್ಟು ಕಷ್ಟ ಅನ್ನುವುದು ಮಲೆನಾಡಿನಲ್ಲಿ ಕೆಲಸ ಮಾಡಿದವರಿಗೇ ಗೊತ್ತು.

ಅಂಗಡಿಯವರ ಮೇಲೆ ದಾಳಿ ಮಾಡಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಮಾಡಿ ಹೆಣ್ಣು ಭ್ರೂಣ ತೆಗೆಸುತ್ತಿದ್ದ ಜಾಲ ಸಿಕ್ಕಿಬಿತ್ತಲ್ಲ, ನೆನಪಿದೆಯಾ? ಅಂಥ ಸುದ್ದಿ ಬಂದಾಗಲೆಲ್ಲ ಗರ್ಭಪಾತ ಅನ್ನುವ ಪದವೇ ಅಪರಾಧ ಆಗಿಬಿಡುತ್ತದೆ. ಅನುಮತಿ ಇರುವ ನರ್ಸಿಂಗ್ ಹೋಮ್‌ಗಳೂ ‘ನಮ್ಗ್ಯಾಕೆ ತಲೆನೋವು’ ಅಂತ ಕೈ ಬಿಡುತ್ತವೆ. ಲಿಂಗ ಪತ್ತೆ ಮಾಡಿದವರನ್ನು ಜೈಲಿಗೆ ಹಾಕಲಿ, ನನ್ನ ತಕರಾರಿಲ್ಲ. ಆದರೆ ಸ್ಕ್ಯಾನಿನಲ್ಲಿ ಗಂಡೋ ಹೆಣ್ಣೋ ಅಂತ ಗೊತ್ತಾಗೋಕೆ 12-13 ವಾರ ಆಗಬೇಕು. ಕಿಟ್ ಇರುವುದು 9 ವಾರದ ಒಳಗಿನವರಿಗೆ. ಎಂಟನೇ ವಾರದಲ್ಲಿ ಬಂದ ಎರಡು ಮಕ್ಕಳ ತಾಯಿಯನ್ನು ಆ ಕಳ್ಳರ ಲೆಕ್ಕಕ್ಕೆ ಸೇರಿಸುವುದರಲ್ಲಿ ಅರ್ಥ ಇಲ್ಲ. ದಾಳಿ ಮಾಡಿದರೆ ಕಾನೂನು ಪ್ರಕಾರ ಮಾರುವ ಅಂಗಡಿಯವರು ಸ್ಟಾಕ್ ಇಡುವುದು ಬಿಡುತ್ತಾರೆ, ಕದ್ದು ಮಾರುವವನು ಮಾತ್ರ ಉಳಿಯುತ್ತಾನೆ.

ತೋಟಗಳದ್ದು ಇನ್ನೊಂದು ತೊಡಕು. ಹಾಸನ, ಚಿಕ್ಕಮಗಳೂರಿನ ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್ ಕಡೆಯವರು ಬೇಕಾದಷ್ಟು ಇದ್ದಾರೆ. ಇಲ್ಲಿಯ ಆಶಾ ಅವರ ಪುಸ್ತಕದಲ್ಲಿ ಹೆಸರಿರುವುದಿಲ್ಲ, ತಾಯಿ ಕಾರ್ಡ್ ಇಲ್ಲ, ಕನ್ನಡ ಬರುವುದಿಲ್ಲ. ಜೊತೆಗೆ ಮೇಸ್ತ್ರಿ ಬರುತ್ತಾನೆ. ನಾನು ಕೇಳಿದ್ದಕ್ಕೆಲ್ಲ ಅವನೇ ಉತ್ತರ ಹೇಳುತ್ತಾನೆ. ಮುಟ್ಟು ಯಾವಾಗ ಆಗಿತ್ತು ಅಂತ ಹೆಂಗಸನ್ನು ಕೇಳಿದರೆ ಮೇಸ್ತ್ರಿ ‘ಹೊಟ್ಟೆನೋವು ಮೇಡಂ, ಒಂದ್ ಇಂಜೆಕ್ಷನ್ ಹಾಕಿ, ಗಾಡಿ ಹೊರಡ್ತದೆ’ ಅನ್ನುತ್ತಾನೆ. ನಾನು ಮೊದಲು ಮಾಡುವುದು ಅವನನ್ನು ಹೊರಗೆ ಕೂರಿಸಿ ಬಾಗಿಲು ಹಾಕುವುದು. ಆಮೇಲೆ ನನ್ನ ಹರಕು ಮುರುಕು ಹಿಂದಿ, ಅವರ ಹರಕು ಮುರುಕು ಹಿಂದಿ. ಕೆಲವೊಮ್ಮೆ ಕ್ಯಾಲೆಂಡರ್ ಮುಂದೆ ಹಿಡಿದು ಬೆರಳಲ್ಲಿ ತೋರಿಸಿ ಅನ್ನುತ್ತೇನೆ. ಅಷ್ಟರಲ್ಲಿ ಕೆಲಸ ನಡೆಯುತ್ತದೆ. ಕುಯ್ಲಿನ ಕಾಲದಲ್ಲಿ ಕೂಲಿ ಕೆಜಿ ಲೆಕ್ಕ. ಒಂದು ದಿನ ಮಲಗಿದರೆ ಒಂದು ದಿನದ ದುಡ್ಡು ಹೋಯಿತು. ಹಾಗಾಗಿ ರಕ್ತ ಹೋಗುತ್ತಿದ್ದರೂ ಗಿಡದ ಕೆಳಗೆ ನಿಂತು ಹಣ್ಣು ಕುಯ್ಯುತ್ತಾರೆ. ನಿಮ್ಮ ಪಕ್ಕದವರೂ ಹಾಗೇ ಮಾಡಿರಬಹುದು.

ಸುಳ್ಳಿನ ವಿಷಯ. ‘ಜಾರಿ ಬಿದ್ದೆ’, ‘ಬಿಸ್ಲಲ್ಲಿ ಜಾಸ್ತಿ ನಿಂತ್ಕೊಂಡೆ’, ‘ಭಾರ ಎತ್ತಿದೆ’ ಅನ್ನುತ್ತಾರೆ. ಮಾತ್ರೆ ನುಂಗಿದ್ದು ನಮಗೆ ಗೊತ್ತಾಗುತ್ತದೆ, ಅವರಿಗೂ ನಮಗೆ ಗೊತ್ತಾಗಿದೆ ಅಂತ ಗೊತ್ತಿರುತ್ತದೆ. ಮೊದಲೆಲ್ಲ ನಾನು ಬಾಯಿ ಬಿಡಿಸೋಕೆ ಹೋಗುತ್ತಿದ್ದೆ. ಈಗ ಬಿಟ್ಟಿದ್ದೇನೆ. ತಾನಾಗಿ ಹೋದ ಬಸುರಿಗೂ ಮಾತ್ರೆಯಿಂದ ಹೋದ ಬಸುರಿಗೂ ಚಿಕಿತ್ಸೆ ಒಂದೇ. ಚೂರು ಉಳಿದಿದ್ದರೆ ತೆಗೆಯಬೇಕು, ನಂಜು ಇದ್ದರೆ ಆಂಟಿಬಯಾಟಿಕ್, ರಕ್ತ ಕಮ್ಮಿ ಇದ್ದರೆ ರಕ್ತ. ನನಗೆ ಬೇಕಾದ ಮಾಹಿತಿ ಎರಡೇ: ಒಳಗೆ ಏನಾದರೂ ಚುಚ್ಚಿದ್ದಾರಾ, ಕೊನೆಯ ಮುಟ್ಟು ಯಾವಾಗ. ಬೈದರೆ ಇವೆರಡೂ ಸಿಗುವುದಿಲ್ಲ. ನಿಮ್ಮವರಿಗೆ ಬೈದ ಡಾಕ್ಟರಿಗೂ ಅದೇ ಆಗಿರುತ್ತದೆ.

ತೆಗೆಯುವ ವಿಧಾನದ ಬಗ್ಗೆಯೂ ನಮ್ಮ ಕಡೆ ಒಂದು ಹಠ ಇದೆ. ಜನ ‘ಡಿ ಅಂಡ್ ಸಿ’ ಅನ್ನುತ್ತಾರೆ, ‘ಕ್ಲೀನ್ ಮಾಡಿಸೋದು’ ಅನ್ನುತ್ತಾರೆ. ಲೋಹದ ಚಮಚದಂಥದ್ದರಿಂದ ಕೆರೆಯುವ ಈ ಹಳೆ ವಿಧಾನ ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಷ್ಟೋ ವರ್ಷದಿಂದ ಹೇಳುತ್ತಿದೆ. ಕೈಯಿಂದ ಎಳೆಯುವ ಪ್ಲಾಸ್ಟಿಕ್ ಸಿರಿಂಜ್ ಸಾಕು, ಅದಕ್ಕೆ ಕರೆಂಟೂ ಬೇಡ. ಆದರೆ ಕಲಿತ ಕೈ ಬಿಡುವುದಿಲ್ಲ. ಹೊಸಬರಿಗೆ ಸಿರಿಂಜ್ ಕೊಟ್ಟು ಕಲಿಸಿದರೆ ಒಂದು ವಾರದಲ್ಲಿ ಹಿಡಿಯುತ್ತಾರೆ.

18 ತುಂಬದ ಹುಡುಗಿಯರದ್ದು ಎಲ್ಲಕ್ಕಿಂತ ಕಷ್ಟ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ನಮಗೆ ಶಿಕ್ಷೆ. ತಿಳಿಸುತ್ತಾರೆ ಅಂತ ಗೊತ್ತಾದ ಕೂಡಲೇ ತಾಯಿ ಮಗಳ ಕೈ ಹಿಡಿದುಕೊಂಡು ಎದ್ದು ಹೋಗುತ್ತಾಳೆ. ಎಲ್ಲಿಗೆ ಹೋಗುತ್ತಾಳೆ ಅಂತ ನಿಮಗೂ ಗೊತ್ತು. ಆ 2022ರ ತೀರ್ಪು ಇಲ್ಲೂ ಒಂದು ದಾರಿ ಮಾಡಿದೆ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಹೆಸರು, ಗುರುತು ಹೇಳಬೇಕಾಗಿಲ್ಲ. ಇದು ಎಷ್ಟು ಸ್ಟೇಷನ್‌ಗಳಿಗೆ, ಎಷ್ಟು ಡಾಕ್ಟರುಗಳಿಗೆ ಮುಟ್ಟಿದೆ ಅನ್ನುವುದು ಬೇರೆ ಮಾತು.

ಕಾನೂನೇ ಅಡ್ಡ ಇದ್ದ ಕಡೆಯೂ ಡಾಕ್ಟರುಗಳು ಏನೋ ಒಂದು ಮಾಡಿದ್ದಾರೆ. ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಗರ್ಭಪಾತ ಅಪರಾಧವಾಗಿದ್ದ ಕಾಲ. 2001ರಲ್ಲಿ ಮಾಂಟೆವಿಡಿಯೊದ ಹೆರಿಗೆ ಆಸ್ಪತ್ರೆಯ ಡಾಕ್ಟರುಗಳು ಒಂದು ಕ್ರಮ ಶುರು ಮಾಡಿದರು. ಮಾತ್ರೆ ಕೊಡುವಂತಿಲ್ಲ, ಸರಿ. ಆದರೆ ಹೆಂಗಸು ನಿರ್ಧಾರ ಮಾಡುವ ಮೊದಲು ಒಂದು ಸಲ ಕೂರಿಸಿ ಎಷ್ಟು ವಾರ, ಯಾವುದು ಅಪಾಯ, ಯಾವುದು ಅಷ್ಟು ಅಪಾಯ ಅಲ್ಲ ಅಂತ ಹೇಳುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಆದ ಮೇಲೆ ಇನ್ನೊಂದು ಸಲ ಬಾ, ಪರೀಕ್ಷೆ ಮಾಡುತ್ತೇವೆ ಅನ್ನುವುದನ್ನೂ ತಡೆಯುವುದಿಲ್ಲ. ಅಲ್ಲಿ ಸಾವು ಕಡಿಮೆ ಆಯಿತು, 2012ರಲ್ಲಿ ಕಾನೂನೂ ಬದಲಾಯಿತು. ಅದೇ 2012ರಲ್ಲಿ ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ಐರ್ಲೆಂಡ್‌ನ ಗಾಲ್ವೇಯಲ್ಲಿ ನಂಜಾಗಿ ತೀರಿಕೊಂಡರು. 17 ವಾರ. ಬಸುರು ಉಳಿಯುವುದಿಲ್ಲ ಅಂತ ಗೊತ್ತಿದ್ದರೂ ಮಗುವಿನ ಎದೆಬಡಿತ ಇದೆ ಅಂತ ಕಾದರು. ಆ ದೇಶ 2018ರಲ್ಲಿ ಜನಮತ ತೆಗೆದುಕೊಂಡು ತನ್ನ ಸಂವಿಧಾನವನ್ನೇ ತಿದ್ದಿತು. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಜೀವಕ್ಕೆ ಅಪಾಯ ಇದ್ದರೆ ಎಷ್ಟೇ ವಾರ ಆಗಿರಲಿ ಒಬ್ಬ ಡಾಕ್ಟರೇ ನಿರ್ಧಾರ ಮಾಡಬಹುದು ಅಂತ ಬರೆದಿದೆ. ಹಾಗಿದ್ದೂ ನಮ್ಮಲ್ಲಿ ‘ಹಾಸನಕ್ಕೆ ಕರ್ಕೊಂಡು ಹೋಗಿ’ ಅಂತ ಚೀಟಿ ಬರೆದು ಕೈ ತೊಳೆದುಕೊಳ್ಳುವವರಿದ್ದಾರೆ. ಒಂದು ಡೋಸ್ ಆಂಟಿಬಯಾಟಿಕ್ ಹಾಕಿ ಕಳಿಸಿದರೂ ದಾರಿಯಲ್ಲಿ ಒಂದು ಜೀವ ಉಳಿಯಬಹುದು ಅನ್ನುವುದು ಅವರಿಗೂ ಗೊತ್ತು.

ಕೇಸ್ ಆಗುತ್ತದಾ ಅಂತ ಕೇಳಿದ್ದೀರಿ. ಚಿಕಿತ್ಸೆಗೆ ಬಂದವರ ಹೆಸರನ್ನು ಊರಿಗೆ ಹೇಳುವುದು ನಮ್ಮ ಕೆಲಸ ಅಲ್ಲ. ಎಂಟಿಪಿ ಕಾಯ್ದೆಯಡಿ ಗರ್ಭಪಾತ ಆದವರ ಹೆಸರು ಹೊರಗೆ ಬಿಟ್ಟ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲು ಇದೆ. ರಕ್ತಸ್ರಾವ ಆಗುತ್ತಿರುವ ಹೆಂಗಸಿಗೆ ಚಿಕಿತ್ಸೆ ಕೊಡುವುದು ಯಾವ ಕಾನೂನಿನಲ್ಲೂ ಅಪರಾಧ ಅಲ್ಲ. ಆ 88ನೇ ಕಲಮು ಪುಸ್ತಕದಲ್ಲಿ ಇರುವವರೆಗೆ ಹೆಂಗಸರ ಭಯ ಪೂರ್ತಿ ಹೋಗುವುದಿಲ್ಲ ಅನ್ನುವುದೂ ನಿಜ. ಆದರೆ ಕೇಸಿನ ಭಯಕ್ಕೆ ಆಸ್ಪತ್ರೆಗೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ.

ನೀವು ಅಂಗನವಾಡಿಯಲ್ಲಿ ಇರುವುದರಿಂದ ಒಂದು ಕೆಲಸ ಹೇಳುತ್ತೇನೆ. ಆಶಾ ಅವರ ಹತ್ತಿರ ‘ನಿಶ್ಚಯ್’ ಅಂತ ಬಸುರಿ ಪರೀಕ್ಷೆಯ ಕಿಟ್ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಮುಟ್ಟು ಒಂದು ವಾರ ತಡವಾದರೆ ಪರೀಕ್ಷೆ ಮಾಡಿಕೊಳ್ಳಿ, ಬೇಡ ಅಂದರೆ ಅದೇ ವಾರ ಸರ್ಕಾರಿ ಆಸ್ಪತ್ರೆಗೆ ಹೋಗಿ ಅಂತ ಲೈನ್ ಮನೆಯವರಿಗೆ ಹೇಳಿ. ಇಷ್ಟೇ. ‘ಗಂಡನ ಸಹಿ’ ಅಂತ ಯಾರಾದರೂ ಕೇಳಿದರೆ ‘ಫಾರ್ಮ್ ಸಿಯಲ್ಲಿ ಆ ಗೆರೆ ಎಲ್ಲಿದೆ ತೋರಿಸಿ ಮೇಡಂ’ ಅಂತ ನೀವು ಮೆತ್ತಗೆ ಕೇಳಬಹುದು.

ನಿಮ್ಮ ಪಕ್ಕದವರಿಗೆ ಇನ್ನೊಂದು ಮಾತು. ಮುಟ್ಟು ಬಂದ ಮೇಲೆ ನೋಡೋಣ ಅಂತ ಕಾಯಬೇಡಿ ಅನ್ನಿ. ಬಸುರು ಹೋದ ಹತ್ತು ದಿನಕ್ಕೇ ಮತ್ತೆ ಬಸುರಿ ಆಗುವ ಸಾಧ್ಯತೆ ಇರುತ್ತದೆ. ಒಳಗೆ ಏನೂ ಉಳಿದಿಲ್ಲ, ನಂಜಿಲ್ಲ ಅಂತ ಖಾತ್ರಿ ಆದರೆ ಕಾಪರ್-ಟಿ ಅದೇ ದಿನ ಹಾಕಬಹುದು. ಬೇಡ ಅಂದರೆ ಮೂರು ತಿಂಗಳಿಗೊಮ್ಮೆ ‘ಅಂತರ’ ಇಂಜೆಕ್ಷನ್ ಅಥವಾ ‘ಛಾಯಾ’ ಮಾತ್ರೆ ಇದೆ, ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಹಾಸನಕ್ಕೆ ಕರೆದುಕೊಂಡು ಬರುವುದಾದರೆ ಬೆಳಗ್ಗೆ ಬನ್ನಿ, ಸ್ಕ್ಯಾನ್ ಅವತ್ತೇ ಆಗುತ್ತದೆ. ಖಾಲಿ ಸ್ಟ್ರಿಪ್ ಇನ್ನೂ ಮನೆಯಲ್ಲಿದ್ದರೆ ಅದನ್ನೂ ತನ್ನಿ, ಏನು ತೆಗೆದುಕೊಂಡರು ಅಂತ ನೋಡಬೇಕು. ಯಾವ ಅಂಗಡಿಯದ್ದು ಅಂತ ನಾನು ಕೇಳುವುದಿಲ್ಲ.